ಪಾಠದ ಅರಿಶಿನ

ನಾನು ಇಷ್ಟು ವರ್ಷದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ್ದು ಪುಸ್ತಕದ ಒಂದೇ ಒಂದು ಪುಟ. ಅದರಲ್ಲೂ ತಪ್ಪಿತ್ತು. ಉಳಿದ ಪುಟಗಳ ವಿಷಯ ನನಗೆ ಗೊತ್ತಿಲ್ಲ, ಸುಮ್ಮನೆ ದೂರಬಾರದು.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಆಮೇಲೆ ಎಮ್ಮೆಯ ಹಿಂದೆ ಕಳಿಸಿದರು. ಶಾಲೆಯಲ್ಲಿ ಕಲಿತ ಅಕ್ಷರವನ್ನು ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಬೋರ್ಡು ನೋಡಿಕೊಂಡು ಉಳಿಸಿಕೊಂಡೆ. ಈಗಲೂ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡೇ ಓದುವುದು. ಹಾಗೆ ಓದುವುದರಲ್ಲಿ ಒಂದು ಅನುಕೂಲ ಇದೆ. ಬೇಗ ಓದುವವರು ಹಾರಿಸಿಬಿಡುವುದನ್ನು ನಾನು ಹಾರಿಸಲಾರೆ.

ಮನೆ ಕೆಸರೆಯಲ್ಲಿ. ಕೆಲಸ ಬನ್ನಿಮಂಟಪದ ಕಡೆ ಒಂದು ಖಾಸಗಿ ಶಾಲೆಯಲ್ಲಿ. ಗುಡಿಸುವುದು, ಒರೆಸುವುದು, ಬೆಲ್ಲು ಹೊಡೆಯುವುದು, ಚಿಕ್ಕ ಮಕ್ಕಳ ಮೂಗು ಒರೆಸುವುದು. ಎಲ್ಲರೂ ಆಯಮ್ಮ ಅಂತಾರೆ. ನನ್ನ ಮಗಳು ಊದುಬತ್ತಿ ಕಾರ್ಖಾನೆಗೆ ಹೋಗುತ್ತಾಳೆ. ಅವಳ ಮಗಳು, ನನ್ನ ಮೊಮ್ಮಗಳು, ನಾನು ಕೆಲಸ ಮಾಡುವ ಶಾಲೆಯಲ್ಲೇ ಆರನೇ ಕ್ಲಾಸು ಓದುತ್ತಿದ್ದಳು. ಈ ಕಥೆ ಅವಳದ್ದು.

ಶಾಲೆಯಲ್ಲಿ ಲ್ಯಾಬ್ ಅಂತ ಒಂದಿತ್ತು. ಸೇರಿಸಿಕೊಳ್ಳುವಾಗ ತಂದೆತಾಯಿಗೆ ತೋರಿಸುತ್ತಿದ್ದರು. ಅದು ಒಂದು ಬೀರು. ಗಾಜಿನ ಬಾಗಿಲು, ಒಳಗೆ ಗಾಜಿನ ಕೊಳವೆಗಳು, ತಕ್ಕಡಿ, ಒಂದು ಮೈಕ್ರೋಸ್ಕೋಪು. ಬೀಗದ ಕೈ ನನ್ನ ಸೊಂಟದಲ್ಲಿ. ವರ್ಷಕ್ಕೆ ಎರಡು ಸಲ ತೆಗೆಯುತ್ತಿದ್ದೆ. ಒಂದು, ವಿಜ್ಞಾನ ದಿನಕ್ಕೆ. ಇನ್ನೊಂದು, ಆಯುಧಪೂಜೆಗೆ. ಆಯುಧಪೂಜೆಯ ದಿನ ಎಲ್ಲವನ್ನೂ ಹೊರಗಿಟ್ಟು, ಒರೆಸಿ, ಕೊಳವೆಗಳಿಗೆಲ್ಲ ವಿಭೂತಿ ಕುಂಕುಮ ಇಟ್ಟು, ಮೈಕ್ರೋಸ್ಕೋಪಿಗೆ ಸೇವಂತಿಗೆ ಹಾರ ಹಾಕುತ್ತಿದ್ದೆವು. ಆ ಮೈಕ್ರೋಸ್ಕೋಪು ತನ್ನ ಆಯುಷ್ಯದಲ್ಲಿ ಹತ್ತಿರದಿಂದ ಕಂಡದ್ದು ಆ ಸೇವಂತಿಗೆಯನ್ನೇ. ಪೂಜೆ ಆದಮೇಲೆ ಮತ್ತೆ ಬೀಗ.

ಆದರೆ ಮಕ್ಕಳ ರೆಕಾರ್ಡ್ ಪುಸ್ತಕ ನೋಡಿದರೆ ಬೇರೆಯೇ. 'ನಾವು ಈ ಪ್ರಯೋಗ ಮಾಡಿ ನೋಡಿದೆವು' ಎಂದು ಪ್ರತಿ ಪುಟದಲ್ಲೂ ದುಂಡಗೆ ಬರೆದಿರುತ್ತಿತ್ತು. ಯಾವಾಗ ನೋಡಿದಿರಿ ಮಕ್ಕಳೇ, ಬೀಗದ ಕೈ ನನ್ನ ಹತ್ತಿರ ಇದೆಯಲ್ಲ ಅಂತ ನಾನು ಕೇಳಲಿಲ್ಲ. ಕೇಳಿದರೆ ಕೆಲಸ ಜಾಸ್ತಿಯಾಗುತ್ತದೆ. ತೊಳೆಯುವವಳು ನಾನು.

ಇನ್ನು ಆ ಪುಸ್ತಕ. ಒಂದು ಕಂಪನಿಯವರು ಕಾರಿನಲ್ಲಿ ತಂದು ಇಳಿಸುತ್ತಿದ್ದರು. ಕೈ ಜಾರುವ ಹಾಗೆ ನುಣುಪು ಕಾಗದ. ಮೇಲೆ ಒಂದು ಹುಡುಗಿ ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು, ಕೊಳವೆ ಹಿಡಿದುಕೊಂಡು ನಗುತ್ತಿತ್ತು. ಪಾಪ, ಅದರ ಶಾಲೆಯಲ್ಲಿ ಬೀಗ ಇರಲಿಲ್ಲವೇನೋ. ತೂಕ ಚೆನ್ನಾಗಿತ್ತು. ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಅಡ್ಡ ಇಡಲು ಒಂದು ಪುಸ್ತಕ ಸಾಕಾಗುತ್ತಿತ್ತು.

ಅದರಲ್ಲಿ ಎಲೆಯ ಪಾಠ ಒಂದಿತ್ತು. ಚಿತ್ರದಲ್ಲಿದ್ದದ್ದು ಅಂಗೈಯಂತೆ ಬೆರಳು ಬೆರಳಾಗಿದ್ದ ಕೆಂಪು ಎಲೆ. ಹಿಮ ಬೀಳುವ ಮುಂಚೆ ಉದುರುತ್ತದಂತೆ. ಮೈಸೂರಿನಲ್ಲಿ ಅದನ್ನು ಕಂಡವರಿಲ್ಲ. ಕ್ಲಾಸಿನ ಕಿಟಕಿಗೆ ಒತ್ತಿಕೊಂಡೇ ಒಂದು ಹೊಂಗೆ ಮರ ಇತ್ತು, ಎಲೆಯೂ ಹೂವೂ ಒಳಗೆ ಉದುರುತ್ತಿತ್ತು. ವಿಜ್ಞಾನದ ಮೇಡಂ ಒಂದು ದಿನ ನನ್ನನ್ನು ಕೂಗಿದರು.

"ಆಯಮ್ಮ, ಸ್ವಲ್ಪ ಆ ಕಿಟಕಿ ಹಾಕ್ಬಿಡಿ. ಎಲೆ ಪಾಠ ಮಾಡ್ಬೇಕು, ಹೊರಗಿಂದ ಎಲೆ ಬಿದ್ದು ಮಕ್ಕಳ ಗಮನವೆಲ್ಲ ಹಾಳಾಗ್ತಿದೆ."

ಹಾಕಿದೆ. ಬಿದ್ದಿದ್ದನ್ನು ಗುಡಿಸಿ ಆಚೆ ಹಾಕಿದೆ. ಮಕ್ಕಳು ನಿಶ್ಚಿಂತೆಯಾಗಿ ಎಲೆ ಕಲಿತರು.

ಆ ಮೇಡಂ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಾಮರಾಜಪುರಂನವರು. ಅವರ ಮಾವನ ತಾತ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ, ಮನೆ ತುಂಬ ಓದಿದವರೇ. ನನ್ನ ಮೊಮ್ಮಗಳ ಅಕ್ಷರ ಚೆಂದ, ಗಂಟಲು ಗಟ್ಟಿ ಅಂತ ಅವಳನ್ನೇ ವಿಜ್ಞಾನ ದಿನಕ್ಕೆ ಆರಿಸಿದ್ದರು. ದೊಡ್ಡ ಅತಿಥಿಯ ಮುಂದೆ, ಮೈಕ್ ಹಿಡಿದು, ಒಂದು ಪ್ರಯೋಗ ಮಾಡಿ ವಿವರಿಸಬೇಕು. ಅಷ್ಟು ದೊಡ್ಡ ಕ್ಲಾಸಿನಲ್ಲಿ ಆಯಮ್ಮನ ಮೊಮ್ಮಗಳು. ಹುಡುಗಿ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಕಿರುಪರೀಕ್ಷೆ ಬಂತು. ಸಂಜೆ ಬಂದವಳೇ ಬ್ಯಾಗು ಎಸೆದು ಗೋಡೆ ಕಡೆ ತಿರುಗಿ ಕೂತಳು.

"ಏನಾಯ್ತೇ? ಯಾರಾದ್ರೂ ಹೊಡೆದ್ರಾ?"

"ಒಂದು ಮಾರ್ಕ್ಸ್ ಹೋಯ್ತು."

"ಒಂದ್ಕೆ ಇಂಗೆ ಕುಂತಿದ್ದೀಯಾ? ನಂಗೆ ಎರಡನೇ ಕ್ಲಾಸಲ್ಲಿ ಎಲ್ಲಾ ಹೋಗಿದ್ವು."

"ನಿನ್ನಿಂದಾನೇ ಹೋಗಿದ್ದು ಅಜ್ಜಿ."

ಪತ್ರಿಕೆ ನನ್ನ ಮುಂದೆ ಹಿಡಿದಳು. ಅರಿಶಿನದ ಕಾಗದವನ್ನು ಸುಣ್ಣದ ತಿಳಿನೀರಿನಲ್ಲಿ ಅದ್ದಿದರೆ ಯಾವ ಬಣ್ಣಕ್ಕೆ ತಿರುಗುತ್ತದೆ ಅನ್ನುವುದು ಪ್ರಶ್ನೆ. ಇವಳು ಕೆಂಪು ಅಂತ ಬರೆದಿದ್ದಳು. ಮೇಲೆ ದೊಡ್ಡ ತಪ್ಪು ಗುರುತು, ಪಕ್ಕದಲ್ಲಿ ಸೊನ್ನೆ. ಸರಿ ಉತ್ತರ ನೀಲಿಯಂತೆ.

"ಮತ್ತೆ ಕೆಂಪು ಅಂತ ಯಾಕೆ ಬರ್ದೆ? ಪುಸ್ತಕದಲ್ಲಿ ನೀಲಿ ಅಂತ ಇದ್ರೆ?"

"ನೀನು ಆರತಿ ನೀರು ಕಲೆಸ್ತೀಯಲ್ಲ, ಅದನ್ನ ನೋಡಿದ್ದೆ. ಅದಕ್ಕೇ ಪುಸ್ತಕ ನೋಡ್ಕೊಳ್ಳಲಿಲ್ಲ."

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣ ಆದರೂ ಆರತಿ ನೀರು ನನ್ನ ಕೈಯದೇ. ಗಂಡ ಹೋದ ಮೇಲೆ ತಟ್ಟೆ ಹಿಡಿದು ಬೆಳಗಲು ಕರೆಯುವುದಿಲ್ಲ, ಕಲೆಸಲು ಮಾತ್ರ ಕರೆಯುತ್ತಾರೆ. ಹದ ನನಗೆ ಗೊತ್ತಿದೆಯಲ್ಲ, ಅದಕ್ಕೆ. ತಟ್ಟೆಯ ನೀರಿಗೆ ಅರಿಶಿನ, ಮೇಲೆ ಚಿಟಿಕೆ ಸುಣ್ಣ. ಬೆರಳಾಡಿಸುವಷ್ಟರಲ್ಲಿ ರಕ್ತದ ಬಣ್ಣ. ಮೈಸೂರಿನಲ್ಲಿ ಮದುವೆಯಾದ ಎಲ್ಲ ಹೆಂಗಸರಿಗೂ ಇದು ಗೊತ್ತು. ಆಗದವರಿಗೂ ಗೊತ್ತು.

ಅವತ್ತೇ ನಾನು ಆ ಪುಟ ಓದಿದ್ದು. ಒಲೆ ಮೇಲೆ ಅನ್ನಕ್ಕಿಟ್ಟು ಶುರು ಮಾಡಿದೆ, ಅನ್ನ ಬಸಿಯುವ ಹೊತ್ತಿಗೆ ಮುಗಿಯಿತು. ಒಂದು ಸಾಲಿನಲ್ಲಿ ಕೆಂಪು ಲಿಟ್ಮಸ್ ಕಾಗದ ಸುಣ್ಣದ ನೀರಿನಲ್ಲಿ ನೀಲಿಯಾಗುತ್ತದೆ ಎಂದಿತ್ತು. ಲಿಟ್ಮಸ್ ನಮ್ಮ ಮನೆಯಲ್ಲಿ ಇಲ್ಲ, ಅದು ಏನಾದರೂ ಆಗಲಿ. ಅದರ ಕೆಳಗಿನ ಸಾಲಿನಲ್ಲಿ ಅರಿಶಿನದ ಕಾಗದವೂ ನೀಲಿಯಾಗುತ್ತದೆ ಎಂದಿತ್ತು. ಜೋಡಿಸಿದವನ ಕೈ ಮೇಲಿನ ಸಾಲಿನ ಮಾತನ್ನೇ ಇನ್ನೊಂದು ಸಲ ಕೂರಿಸಿಬಿಟ್ಟಿದೆ, ಅಷ್ಟೇ. ಪುಸ್ತಕ ಬರೆದವರು, ತಿದ್ದಿದವರು, ಒಪ್ಪಿದವರು ಅಂತ ಮೊದಲ ಪುಟದಲ್ಲಿ ಇಷ್ಟುದ್ದ ಪಟ್ಟಿ ಇತ್ತು. ಅಷ್ಟೂ ಜನ ಸಾರು ಉಂಡವರೇ ಇರಬೇಕಲ್ಲ.

ಭಾನುವಾರ ಬಸ್ಸು ಹತ್ತಿ ಚಾಮರಾಜಪುರಂಗೆ ಹೋದೆ. ಮೇಡಂ ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಮುಂದೆ ಕೂತು ಒಂದು ಬಿಳಿ ಸೀರೆಯ ಸೆರಗು ತಿಕ್ಕುತ್ತಿದ್ದರು.

"ಬನ್ನಿ ಆಯಮ್ಮ, ಏನು ಇಷ್ಟು ದೂರ?"

"ಒಂದು ಮಾರ್ಕ್ಸ್ ಕೇಳಕ್ಕೆ ಬಂದೆ ಮೇಡಂ."

ಅವರಿಗೆ ಅರ್ಥವಾಯಿತು. ಸೋಪು ತಿಕ್ಕುತ್ತಲೇ ಇದ್ದರು. ಸೆರಗಿನ ಮೇಲೆ ಸಾರು ಚೆಲ್ಲಿದ ಹಳದಿ ಕಲೆ. ಸೋಪು ತಗುಲಿದ ಕಡೆಯೆಲ್ಲ ಅದು ಕೆಂಪಗೆ ಹರಡುತ್ತಿತ್ತು.

"ಥೂ, ನೆನ್ನೆ ಬೀಗರ ಮನೆ ಊಟ. ನೋಡಿ, ತಿಕ್ಕಿದಷ್ಟೂ ಕೆಂಪಾಗುತ್ತೆ ಹಾಳಾದ್ದು."

"ನೀಲಿ ಆಗ್ನಿಲ್ವಲ್ಲ ಮೇಡಂ."

ಅವರ ಕೈ ನಿಂತಿತು. ಸೆರಗು ನೋಡಿದರು, ನನ್ನನ್ನು ನೋಡಿದರು. ನಗು ಬಂದುಬಿಟ್ಟಿತು ಅವರಿಗೆ.

"ಅಯ್ಯೋ ಆಯಮ್ಮ, ಇದು ಮನೆ ಅರಿಶಿನ. ಅದು ಪಾಠದ ಅರಿಶಿನ."

"ಅದನ್ನ ಎಲ್ಲಿ ಬೆಳೀತಾರೆ?"

"ತಮಾಷೆ ಮಾಡ್ಬೇಡಿ. ಪುಸ್ತಕ ಅವರದ್ದು, ಪ್ರಶ್ನೆಪತ್ರಿಕೆ ಅವರದ್ದು, ಕೀ ಆನ್ಸರೂ ಅವರೇ ಕಳಿಸ್ತಾರೆ. ನಾನು ಕೆಂಪಿಗೆ ಮಾರ್ಕ್ಸ್ ಕೊಟ್ಟೆ ಅನ್ನಿ, ನೀಲಿ ಬರೆದ ಮಕ್ಕಳ ಅಪ್ಪಅಮ್ಮಂದಿರು ಪುಸ್ತಕ ಬಿಚ್ಚಿ ಹಿಡ್ಕೊಂಡು ಆಫೀಸಿಗೆ ಬರ್ತಾರೆ. ಹೋದ ವರ್ಷ ಒಬ್ಬರು ಬಂದಿದ್ರು, ಚಂದ್ರನ ಚಿತ್ರ ಪುಸ್ತಕದಲ್ಲಿ ಎಡಕ್ಕಿದೆ, ನೀವು ಬೋರ್ಡಲ್ಲಿ ಬಲಕ್ಕೆ ಬರೆದಿದ್ದೀರಿ ಅಂತ. ನಾನು ಕ್ಷಮೆ ಬರೆದುಕೊಟ್ಟೆ ಗೊತ್ತಾ?"

"ಚಂದ್ರನಿಗಾ?"

"ಅವರಿಗೆ!" ಅಂದು ಸೆರಗು ಹಿಂಡಿದರು. "ಮೊಮ್ಮಗಳಿಗೆ ಹೇಳಿ, ಪುಸ್ತಕದಲ್ಲಿರೋ ಹಾಗೇ ಕಲೀಲಿ. ಇಲ್ಲಾಂದ್ರೆ ವಿಜ್ಞಾನ ದಿನಕ್ಕೆ ಬೇರೆ ಹುಡುಗೀನ ನಿಲ್ಲಿಸ್ಬೇಕಾಗುತ್ತೆ. ಅವಳು ಮಾಡ್ಬೇಕಾಗಿರೋದೂ ಇದೇ ಪ್ರಯೋಗ."

ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಮಾರ್ಕ್ಸ್ ಸಿಗಲಿಲ್ಲ.

ಮೊಮ್ಮಗಳಿಗೆ ಹೇಳಿದೆ. ನಾನು ಹೇಳುವ ಮೊದಲೇ ಅವಳು ತಪ್ಪು ಉತ್ತರವನ್ನು ತಿದ್ದಿ ಇಪ್ಪತ್ತು ಸಲ ಬರೆಯುತ್ತಾ ಕೂತಿದ್ದಳು. ಅರಿಶಿನದ ಕಾಗದ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅರಿಶಿನದ ಕಾಗದ ನೀಲಿ ಬಣ್ಣಕ್ಕೆ ತಿರುಗುತ್ತದೆ. ಹತ್ತನೆಯ ಸಾಲಿನ ಹತ್ತಿರ ತಲೆ ಎತ್ತಿ ಹೇಳಿದಳು:

"ಅಜ್ಜಿ, ನಮ್ಮ ಕಣ್ಣಿಗೆ ಕೆಂಪು ಕಾಣುತ್ತೆ ಅಷ್ಟೇ. ನಿಜವಾಗ್ಲೂ ನೀಲಿ ಇರ್ಬೇಕು."

"ಏನು ಹಂಗಂದ್ರೆ?"

"ಭೂಮಿ ನಿಂತಿರೋ ಥರ ಕಾಣುತ್ತಲ್ಲ? ಆದ್ರೆ ಸುತ್ತುತ್ತೆ. ಅದೂ ಪುಸ್ತಕದಲ್ಲೇ ಇರೋದು. ಅದನ್ನ ನಂಬ್ತೀವಿ, ಇದನ್ನ ಯಾಕೆ ನಂಬಬಾರದು?"

ಭೂಮಿ ಸುತ್ತುವುದನ್ನು ನಾನು ಕಂಡಿಲ್ಲ. ಆದರೆ ನಮ್ಮ ಹುಡುಗಿ ತನ್ನ ಕಣ್ಣು ತನಗೇ ಸುಳ್ಳು ಹೇಳುತ್ತದೆ ಅಂತ ನಂಬಲು ಶುರು ಮಾಡಿದ್ದು ನನಗೆ ಸರಿ ಬರಲಿಲ್ಲ. ಒಂದು ಮಾರ್ಕ್ಸು ಹೋದರೆ ಹೋಗಲಿ. ಕಣ್ಣು ಹೋದರೆ ಎಲ್ಲಿಂದ ತರುವುದು?

ವಿಜ್ಞಾನ ದಿನದ ಹಿಂದಿನ ದಿನ ಲ್ಯಾಬಿನಲ್ಲಿ ತಾಲೀಮು. ಬೀಗ ತೆಗೆದೆ. ಮೊಮ್ಮಗಳು ಅರಿಶಿನದ ಕಾಗದವನ್ನು ಸುಣ್ಣದ ನೀರಿನಲ್ಲಿ ಅದ್ದಿದಳು. ಕೆಂಪಾಯಿತು. ಬೇರೆ ಏನಾಗುತ್ತದೆ? ಮೇಡಂ ಹಣೆ ಒತ್ತಿಕೊಂಡರು.

"ಆಯಮ್ಮ, ಬಟ್ಟೆಗೆ ಹಾಕೋ ನೀಲಿ ಇದೆಯಾ?"

ಕರ್ಟನ್ನು ಒಗೆಯಲು ತಂದಿದ್ದ ನೀಲಿ ಬಾಟಲಿ ಇತ್ತು, ಕೊಟ್ಟೆ. ಸುಣ್ಣದ ನೀರಿಗೆ ನಾಲ್ಕು ತೊಟ್ಟು ಬಿಟ್ಟರು. ಕಾಗದ ಬದನೆಕಾಯಿ ಬಣ್ಣಕ್ಕೆ ಬಂತು.

"ಇದು ನೀಲಿ ಅಂತ ಹೇಳಕ್ಕಾಗಲ್ಲ ಮಿಸ್," ಅಂದಳು ಮೊಮ್ಮಗಳು.

"ಸುಣ್ಣ ಇರೋದ್ರಿಂದ ಹಿಂಗಾಗ್ತಿದೆ. ಸುಣ್ಣ ಬಿಟ್ಬಿಡೋಣ. ಬರೀ ನೀರು, ನೀಲಿ."

"ಸುಣ್ಣದ ಪ್ರಯೋಗಕ್ಕೆ ಸುಣ್ಣಾನೇ ಬ್ಯಾಡ್ವಾ ಮೇಡಂ?" ಅಂದೆ.

"ಸ್ಟೀಲ್ ಲೋಟದ ಮೇಲೆ 'ಸುಣ್ಣದ ತಿಳಿನೀರು' ಅಂತ ಚೀಟಿ ಅಂಟಿಸ್ತೀವಲ್ಲ ಆಯಮ್ಮ, ಸಾಕು."

ಸುಣ್ಣ ಇಲ್ಲದ ನೀಲಿಯಲ್ಲಿ ಕಾಗದ ಗಿಳಿಹಸಿರಿಗೂ ನೀಲಿಗೂ ನಡುವೆ ಎಲ್ಲೋ ನಿಂತಿತು. ದೂರದಿಂದ ನೋಡಿದರೆ ನಡೆಯುತ್ತದೆ ಅಂದರು ಮೇಡಂ. ಅತಿಥಿಯ ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಹಾಕಲು ನನಗೆ ಹೇಳಿದರು. ಲೋಟ ಬೀರುವಿನಲ್ಲಿಟ್ಟು ಬೀಗ ಹಾಕಿ, ನಾಳೆ ನೀವೇ ತಂದು ಮೇಜಿನ ಮೇಲೆ ಇಡಿ ಅಂದರು.

ಮಾರನೆಯ ದಿನ ಅಂಗಳದಲ್ಲಿ ಕೆಂಪು ಬಟ್ಟೆಯ ಶಾಮಿಯಾನ. ಅತಿಥಿ ಬಂದರು, ಯಾವುದೋ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ವಿಜ್ಞಾನ ದಿನವಾದರೂ ಬಾಗಿಲಲ್ಲಿ ಆರತಿ ಎತ್ತದೆ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಆರತಿ ನೀರು ಎಂದಿನಂತೆ ನನ್ನದೇ. ಇಬ್ಬರು ಟೀಚರು ತಟ್ಟೆ ಹಿಡಿದು ಬೆಳಗಿ, ಆ ಕೆಂಪು ನೀರನ್ನೇ ಬೆರಳಲ್ಲಿ ತೆಗೆದು ಅವರ ಹಣೆಗೆ ಉದ್ದಕ್ಕೆ ಇಟ್ಟರು. ಅರಿಶಿನ, ಸುಣ್ಣ. ಆ ದಿನ ಆ ಶಾಲೆಯಲ್ಲಿ ಸರಿಯಾಗಿ ನಡೆದ ಒಂದೇ ಪ್ರಯೋಗವನ್ನು ಹಣೆಯ ಮೇಲೆ ಹೊತ್ತುಕೊಂಡು ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಸುಣ್ಣ ನನ್ನ ಕೈಯಲ್ಲಿ ಇನ್ನೂ ಉಳಿದಿತ್ತು. ಲ್ಯಾಬಿಗೆ ಹೋದೆ. ಬೀಗ ತೆಗೆದೆ. ಚೀಟಿ ಅಂಟಿಸಿದ ಲೋಟದಲ್ಲಿದ್ದ ನೀಲಿ ನೀರನ್ನು ಹೊಂಗೆ ಮರದ ಬುಡಕ್ಕೆ ಚೆಲ್ಲಿದೆ. ಲೋಟ ತೊಳೆದು ಸುಣ್ಣ ಕದಡಿ, ತಿಳಿಯಾದ ಮೇಲೆ ತಂದು ಮೇಜಿನ ಮೇಲಿಟ್ಟೆ. ಈಗ ಚೀಟಿಯಲ್ಲಿ ಬರೆದದ್ದೂ ಲೋಟದಲ್ಲಿರುವುದೂ ಒಂದೇ ಆಯಿತು. ಮೊಮ್ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಹೆದರಿಕೊಳ್ಳುತ್ತಿದ್ದಳು. ಕೆಂಪು ಎದುರಿಗೇ ಬಂದು ನಿಂತರೆ ಹುಡುಗಿ ಕೆಂಪು ಅಂತ ಹೇಳಲೇಬೇಕಲ್ಲ ಅಂದುಕೊಂಡೆ.

ಅವಳು ಮೈಕ್ ಹಿಡಿದಳು. ಕಂಠಪಾಠ ಮಾಡಿದ್ದನ್ನು ಗಂಟೆ ಹೊಡೆದ ಹಾಗೆ ಹೇಳಿದಳು. "ಈಗ ನಾನು ಅರಿಶಿನದ ಕಾಗದವನ್ನು ಸುಣ್ಣದ ತಿಳಿನೀರಿನಲ್ಲಿ ಅದ್ದುತ್ತಿದ್ದೇನೆ." ಅದ್ದಿದಳು. ಎತ್ತಿ ಹಿಡಿದಳು. ದಾಸವಾಳದಂತೆ ಕೆಂಪು. ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು.

ಅವಳು ಕಾಗದ ನೋಡಿದಳು. ಮೇಡಂ ಕಡೆ ನೋಡಿದಳು. ಮೇಡಂ ಮುಖದಲ್ಲಿ ರಕ್ತ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು, ನಾನು ಕಂಬದ ಹತ್ತಿರ ನಿಂತಿದ್ದೆ. ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು.

"ಕಾಗದವು ನೀಲಿ ಬಣ್ಣಕ್ಕೆ ತಿರುಗಿತು," ಅಂದಳು.

ಎಲ್ಲರೂ ಚಪ್ಪಾಳೆ ಹೊಡೆದರು.

ಒಬ್ಬರೂ ನಗಲಿಲ್ಲ, ಒಬ್ಬರೂ ಏನೆಂದು ಕೇಳಲಿಲ್ಲ. ತಂದೆತಾಯಿಗಳು ಫೋನು ಎತ್ತಿ ಹಿಡಿದು ಫೋಟೋ ತೆಗೆದುಕೊಂಡರು. ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ಹೊಡೆದರು. ಅತಿಥಿ ಮಾತ್ರ ಮೇಡಂ ಕಡೆಗೆ ವಾಲಿ ಮೆಲ್ಲಗೆ ಕೇಳಿದರು. ನಾನು ನೀರಿನ ಲೋಟ ಹಿಡಿದು ಅಲ್ಲೇ ಇದ್ದೆ.

"ಸ್ವಲ್ಪ ಕೆಂಪಗೆ ಕಂಡ ಹಾಗಾಯ್ತಲ್ವಾ ಮೇಡಂ?"

"ಶಾಮಿಯಾನ ಕೆಂಪು ಸರ್. ಅದರ ನೆರಳು."

"ಓ, ಹೌದು ಹೌದು," ಅಂದರು. ಆಮೇಲೆ ಎದ್ದು ನಿಂತು ಭಾಷಣ ಮಾಡಿದರು. ಮಕ್ಕಳು ಪುಸ್ತಕದ ಹುಳುಗಳಾಗಬಾರದು, ಕಣ್ಣಾರೆ ಕಂಡು ಕಲಿಯಬೇಕು ಅಂದರು. ಮಾತಿನ ಭರಕ್ಕೆ ಬೆವರಿ, ಹಣೆಯ ಕೆಂಪು ಮೂಗಿನವರೆಗೂ ಇಳಿಯಿತು. ಕರ್ಚೀಫಿನಲ್ಲಿ ಒರೆಸಿಕೊಂಡು, ಕರ್ಚೀಫನ್ನು ಒಂದು ಸಲ ನೋಡಿ, ಜೇಬಿನಲ್ಲಿಟ್ಟುಕೊಂಡರು.

ಮೊಮ್ಮಗಳಿಗೆ ಸರ್ಟಿಫಿಕೇಟು ಕೊಟ್ಟರು. ಮನೆಗೆ ನಡೆದುಕೊಂಡು ಹೋಗುವಾಗ ಅವಳು ನನ್ನ ಪಕ್ಕದಲ್ಲಿ ಬರಲಿಲ್ಲ. ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ಕೆಸರೆ ತಿರುವಿನಲ್ಲಿ ನಿಂತಳು.

"ನೀರು ಬದಲಾಯಿಸಿದ್ದು ನೀನೇ ತಾನೇ?"

"ಊಂ."

"ನಂಗೆ ಯಾಕೆ ಹೇಳಲಿಲ್ಲ?"

"ಕಣ್ಣಿಗೆ ಕಾಣ್ತಿತ್ತಲ್ಲ, ಹೇಳೋದೇನಿತ್ತು?"

"ಕೆಂಪು ನೋಡ್ಕೊಂಡೇ ನೀಲಿ ಅಂದ್ಬುಟ್ಟೆ ಅಜ್ಜಿ. ಅಷ್ಟು ಜನದ ಮುಂದೆ. ನಿನ್ನ ಮುಂದೆ." ಅಳಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು. "ಮಿಸ್ಸೂ ಸುಳ್ಳು ಮಾಡ್ಸಿದ್ರು, ನೀನೂ ಹೇಳದೆ ಮಾಡ್ದೆ. ಇಬ್ರೂ ನನ್ನ ಕೇಳಲಿಲ್ಲ."

ಅವಳು ಹೇಳಿದ್ದು ಸರಿ. ಪುಸ್ತಕದವರು ಅವಳ ಬಾಯಿಗೆ ನೀಲಿ ತುರುಕಿದ್ದರು, ನಾನು ಕೆಂಪು ತುರುಕಲು ಹೋಗಿದ್ದೆ. ತಪ್ಪಾಯ್ತು ಕಣೇ ಅಂದೆ. ಆ ಮಾತು ನಾನು ಹೆಚ್ಚಾಗಿ ಆಡುವುದಿಲ್ಲ. ಅವಳು ಮುಂದಕ್ಕೆ ಹೋದಳು. ಸರ್ಟಿಫಿಕೇಟನ್ನು ಅವಳಮ್ಮ ಗೋಡೆಗೆ ಅಂಟಿಸಿದರೆ, ಇವಳು ಕಿತ್ತು ಟ್ರಂಕಿನ ತಳಕ್ಕೆ ಹಾಕಿದಳು.

ವಾರ್ಷಿಕ ಪರೀಕ್ಷೆ ಬಂತು. ಅರಿಶಿನದ ಪ್ರಶ್ನೆ ಇದರಲ್ಲೂ ಬಂದೇ ಬರುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರಂತೆ. ವಿಜ್ಞಾನದ ಪರೀಕ್ಷೆಯ ಬೆಳಿಗ್ಗೆ ಅವಳು ಒಲೆ ಹತ್ತಿರ ಬಂದು ನಿಂತಳು.

"ಅಜ್ಜಿ, ಚಿತ್ರಾನ್ನ ಮಾಡು. ಅರಿಶಿನ ಜಾಸ್ತಿ ಹಾಕು."

"ನಿಂಗೆ ಚಿತ್ರಾನ್ನ ಸೇರಲ್ವಲ್ಲ?"

"ಇವತ್ತು ಸೇರುತ್ತೆ."

ತಿಂದಳು. ಕೈ ತೊಳೆಯುವಾಗ ಒಂದು ಬೆರಳನ್ನು ಮಾತ್ರ ಆಚೆ ಹಿಡಿದುಕೊಂಡಳು. ಅದನ್ನೂ ತೊಳಿ ಅಂದರೆ ಬೇಡ ಅಂದಳು. ಕಂಪಾಸ್ ಬಾಕ್ಸಿಗೆ ಬಚ್ಚಲಿನ ಸೋಪಿನ ಒಂದು ಚೂರು ಹಾಕಿಕೊಂಡಳು. ನಾನು ನೋಡಿದೆ. ಏನು ಎತ್ತ ಅಂತ ಕೇಳಲಿಲ್ಲ. ಒಂದು ಸಲ ಅವಳ ಕೆಲಸದಲ್ಲಿ ಕೈ ಹಾಕಿ ಬುದ್ಧಿ ಬಂದಿತ್ತು.

ರಿಸಲ್ಟ್ ದಿನ ಪೋಷಕರನ್ನು ಕರೆದು ಉತ್ತರಪತ್ರಿಕೆ ತೋರಿಸುತ್ತಾರೆ. ಅವಳಮ್ಮನಿಗೆ ರಜೆ ಸಿಗಲಿಲ್ಲ. ಆಯಾ ಸೀರೆ ಬದಲಾಯಿಸಿ, ಮದುವೆಗೆ ಉಡುವ ಸೀರೆ ಉಟ್ಟು, ನಾನೇ ಹೋಗಿ ಪೋಷಕರ ಸಾಲಿನಲ್ಲಿ ಕೂತೆ. ಮೇಡಂ ಪತ್ರಿಕೆ ನನ್ನ ಮುಂದೆ ಇಟ್ಟು, ಒಂದು ಜಾಗದಲ್ಲಿ ಬೆರಳಿಟ್ಟರು. ಬೆರಳು ತಗುಲದ ಹಾಗೆ ಸ್ವಲ್ಪ ಮೇಲೆಯೇ ಇಟ್ಟರು.

ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. 'ಪುಸ್ತಕದಲ್ಲಿ ನೀಲಿ ಎಂದು ಇದೆ. ಮಾಡಿದರೆ ಕೆಂಪು ಬರುತ್ತದೆ. ಸುಣ್ಣ ಸಿಗಲಿಲ್ಲ, ಸೋಪು ಹಾಕಿದ್ದೇನೆ. ಕೆಳಗೆ ನೋಡಿ.' ಕೆಳಗೆ ಹೆಬ್ಬೆಟ್ಟಿನಷ್ಟಗಲ ಹಳದಿ ಕಲೆ. ಅದರ ನಡುವೆ ಕೆಂಪು. ಇಷ್ಟು ದಿನವಾದರೂ ಕೆಂಪು ಕೆಂಪೇ ಆಗಿತ್ತು.

"ನೋಡಿ ಆಯಮ್ಮ, ಇವಳು ಏನ್ ಮಾಡಿದ್ದಾಳೆ. ಸೋಪು ಹತ್ತಲಿ ಅಂತ ಎಂಜಲು ಹಚ್ಚಿದ್ದಾಳಂತೆ. ಕೇಳಿದ್ರೆ ಅವಳೇ ಹೇಳ್ತಾಳೆ. ಉತ್ತರಪತ್ರಿಕೆಗೆ ಎಂಜಲಾ? ಸರಸ್ವತಿ ಅಲ್ವಾ ಅದು?"

"ತಪ್ಪೇ ಮೇಡಂ. ಕೆಂಪಾಗೈತಲ್ವಾ ಆದ್ರೂ?"

ಮೇಡಂ ಆಚೀಚೆ ನೋಡಿದರು. ಪಕ್ಕದ ಮೇಜಿನ ಪೋಷಕರು ತಮ್ಮ ಮಗನ ಪತ್ರಿಕೆಯೊಳಗೆ ತಲೆ ಹಾಕಿಕೊಂಡಿದ್ದರು.

"ಆಗಿದೆ," ಅಂದರು, ಯಾರಿಗೂ ಕೇಳದ ಹಾಗೆ. "ಮಾರ್ಕ್ಸ್ ಕೊಟ್ಟಿದ್ದೀನಿ, ನೋಡಿ."

ಪಕ್ಕದಲ್ಲಿ ಒಂದು ಅಂತ ಇತ್ತು. ಸರಿ ಗುರುತು ಬಹಳ ಸಣ್ಣದು, ಸೊಳ್ಳೆ ಕಾಲಿನಷ್ಟು. ಆದರೆ ಇತ್ತು. ಪುಟ ತಿರುಗಿಸಿದರೆ ಕೊನೆಯಲ್ಲಿ ದೊಡ್ಡದಾಗಿ, ಶುಚಿತ್ವ ಇಲ್ಲದ್ದಕ್ಕೆ ಒಂದು ಮಾರ್ಕ್ಸ್ ಕಡಿತ.

ಹೊರಗೆ ಬರುವಾಗ ಆಫೀಸಿನ ಮುಂದೆ ಮುಂದಿನ ವರ್ಷದ ಆರನೇ ಕ್ಲಾಸಿನ ಪುಸ್ತಕಗಳ ಕಟ್ಟು ಬಂದು ಬಿದ್ದಿತ್ತು. ರಟ್ಟಿನ ಮೇಲಿನ ಹುಡುಗಿಯ ಕನ್ನಡಕಕ್ಕೆ ಬೇರೆ ಬಣ್ಣ ಬಂದಿತ್ತು. ಆ ಪುಟ ಎಲ್ಲಿದೆ ಅಂತ ನನಗೆ ಗೊತ್ತಿತ್ತು, ತೆಗೆದು ಓದಿದೆ. ನೀಲಿ. ಮುಚ್ಚಿಟ್ಟೆ. ನಾಳೆ ಬೆಳಿಗ್ಗೆ ಆ ಕಟ್ಟನ್ನು ಹೊತ್ತು ಒಳಗಿಡಬೇಕಾದವಳು ನಾನೇ.

ಮೊಮ್ಮಗಳು ಹೊಂಗೆ ಮರದ ಕೆಳಗೆ ಕಾಯುತ್ತಿದ್ದಳು.

"ಕೊಟ್ರಾ?"

"ಒಂದು ಕೊಟ್ಟವ್ರೆ, ಒಂದು ಕಿತ್ಕೊಂಡವ್ರೆ. ಲೆಕ್ಕ ಅಲ್ಲಿಗಲ್ಲಿಗೇ ಆಯ್ತು."

"ಕೊಟ್ಟಿದ್ದು ಯಾತಕ್ಕೆ?"

"ಕೆಂಪಿಗೆ."

"ಕಿತ್ಕೊಂಡಿದ್ದು?"

"ಎಂಜಲಿಗೆ."

"ಎಂಜಲು ಹಚ್ಚಿದ್ದು ನಿಜ," ಅಂದಳು. ಆಮೇಲೆ ವಿಜ್ಞಾನ ದಿನದಿಂದ ಮೊದಲ ಸಲ ನನ್ನ ಪಕ್ಕದಲ್ಲೇ ನಡೆದುಕೊಂಡು ಮನೆಗೆ ಬಂದಳು.